ಅಡುಗೆಮನೆಯ ಹೊಸ್ತಿಲು: ಒಂದು ಮುಧೋಳ ಮರಿಯ ಮೊದಲ ಆರು ತಿಂಗಳು

ಚಿಗರಿ ನಮ್ಮ ಮನೆಗೆ ಬಂದಾಗ 45 ದಿನದ ಮರಿ. ಈಗ ಏಳೂವರೆ ತಿಂಗಳು. ಈ ಆರು ತಿಂಗಳನ್ನು ನಾನು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಎಣಿಸಿ ಬರೆಯುವುದು ರೂಢಿ. ಎಷ್ಟು ಹೊತ್ತಿಗೆ ಉಂಡಳು, ಎಲ್ಲಿ ಒಂದಕ್ಕೆ ಮಾಡಿದಳು, ಯಾರು ಕರೆದರೆ ಬಂದಳು, ಯಾರು ಕರೆದರೆ ದೂರ ಓಡಿದಳು, ಎಲ್ಲವೂ ಅದರಲ್ಲಿದೆ. ಮರಿಯ ಬಗ್ಗೆ ಬರೆಯಲೆಂದು ಶುರು ಮಾಡಿದ ನೋಟ್‌ಬುಕ್ಕು ಅರ್ಧಕ್ಕೆ ಬರುವಷ್ಟರಲ್ಲಿ ನಮ್ಮ ಮನೆಯ ಬಗ್ಗೆ ಆಗಿತ್ತು. ಅವಳು ಕಲಿಯದೆ ಉಳಿದ ಪ್ರತಿಯೊಂದರ ಹಿಂದೆ ನಾವು ನಾಲ್ಕು ಜನ ನಾಲ್ಕು ರೀತಿ ಹೇಳಿದ್ದು ಇತ್ತು. ಅವಳು ಎಲ್ಲಕ್ಕಿಂತ ಮೊದಲು ಕಲಿತದ್ದರ ಹಿಂದೆ ನನ್ನ ಅವ್ವ ಇದ್ದಳು. ಅವ್ವ ಆ ನಾಯಿಯನ್ನು ಇವತ್ತಿಗೂ ಕೈಯಿಂದ ಮುಟ್ಟಿಲ್ಲ.

ನಮ್ಮದು ಬಾಗಲಕೋಟೆಯ ನವನಗರ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಒಂದು ಭಾಗ ಹೋದಾಗ ಮುಳುಗಡೆಯವರಿಗೆಂದು ಕಟ್ಟಿದ ಊರು ಇದು. ಹಳೆ ಮನೆ ಬಿಡುವಾಗ ಅಪ್ಪ ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಹೊಸ್ತಿಲು ಸಮೇತ ಕಿತ್ತು ತಂದು ಇಲ್ಲಿ ಕೂಡಿಸಿದ. ಸಾಗವಾನಿ ಹೊಸ್ತಿಲು, ಒಂದು ಗೇಣಿಗೆ ಸ್ವಲ್ಪ ಕಡಿಮೆ ಎತ್ತರ, ನಡುವೆ ಸವೆದು ತಗ್ಗಾಗಿದೆ. ಅದರಾಚೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರ ಜಗುಲಿ. ಮರಿ ತರುವ ಮಾತು ಬಂದ ದಿನವೇ ಅವ್ವ ಹೇಳಿಬಿಟ್ಟಳು: "ನೋಡು ತಮ್ಮಾ, ನಾಯಿಗೆ ರೊಟ್ಟಿ ಹಾಕೂದು ಬ್ಯಾರೆ, ಮನ್ಯಾಗ ಬಿಟ್ಕೊಳ್ಳೂದು ಬ್ಯಾರೆ. ಪಡಸಾಲಿ ತನಕ ನಿಮ್ಮದು. ಈ ಹೊಸ್ತಲಾ ದಾಟಂಗಿಲ್ಲ." ಒಪ್ಪಿಕೊಂಡೆ. ಒಂದೂವರೆ ತಿಂಗಳ ಮರಿಗೆ ಹೊಸ್ತಿಲ ಕಟ್ಟು ಎಲ್ಲಿ ತಿಳಿಯುತ್ತದೆ, ಮುಂದೆ ನೋಡಿಕೊಂಡರಾಯಿತು ಎಂಬುದು ನನ್ನ ಮನಸ್ಸಿನಲ್ಲಿತ್ತು.

ಮರಿ ತರುವ ಹಟ ಐದನೇ ಇಯತ್ತೆಯ ಮಗನದು. ಮುಧೋಳ ನಾಯಿಯ ಕಥೆಗಳೆಲ್ಲ ಅವನಿಗೆ ಬಾಯಿಪಾಠ: ಮುಧೋಳ ಸಂಸ್ಥಾನದ ಘೋರ್ಪಡೆ ರಾಜರು ಈ ತಳಿಯನ್ನು ಬೆಳೆಸಿ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟದ್ದು, 2005ರಲ್ಲಿ ಅಂಚೆ ಚೀಟಿ ಬಂದದ್ದು, 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟದ್ದು. ಸೇನೆಗೆ ಸೇರುವ ನಾಯಿ ಎಂದಮೇಲೆ ಹುಟ್ಟುತ್ತಲೇ ಎಲ್ಲ ಬಲ್ಲದು ಎಂದು ಹುಡುಗ ನಂಬಿದ್ದ. ಮೀರತ್ತಿನಲ್ಲಿ ಅವಕ್ಕೆ ತಿಂಗಳುಗಟ್ಟಲೆ ಪಾಠ ನಡೆಯಿತು ಎಂಬುದನ್ನು ಅವನಿಗೆ ಹೇಳಬೇಕಾದವನು ನಾನು. ಹೇಳಲಿಲ್ಲ.

ಬನ್ನಿ ಹಬ್ಬದ ಮರುದಿನ ಕಲಾದಗಿ, ಲೋಕಾಪುರ ದಾಟಿ ಮುಧೋಳದ ಕಡೆ ಹೋದೆವು. ಆ ಭಾಗದಲ್ಲಿ ಒಕ್ಕಲುತನದ ಜೊತೆಗೆ ನಾಯಿ ಸಾಕುವ ಮನೆಗಳು ಬಹಳ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ. ನಾವು ಹೋದದ್ದು ಒಬ್ಬ ರೈತರ ತೋಟದ ಮನೆಗೆ. ತಾಯಿನಾಯಿ ಹುಣಸೆ ಮರದ ಬುಡದಲ್ಲಿ ಮಲಗಿತ್ತು, ಆರು ಮರಿ. ಅದರಲ್ಲಿ ಕೆಂಚು ಬಣ್ಣದ, ಎದೆಯ ಮೇಲೆ ಬಿಳಿ ಮಚ್ಚೆಯ ಹೆಣ್ಣುಮರಿಯನ್ನು ಮಗಳು ಆರಿಸಿದಳು. ಕಾಲು ಉದ್ದ, ಕಿವಿ ಸಣ್ಣ, ಓಡಿದರೆ ಚಿಗರಿಯಂತೆಯೇ ಜಿಗಿಯುತ್ತಿತ್ತು. ಹೆಸರು ಅಲ್ಲೇ ಆಯಿತು.

ಆ ರೈತರು ಹೇಳಿದ ಮಾತು: "ಮಾಸ್ತರ, ಇನ್ನೊಂದೆರಡು ವಾರ ತಾಯಿ ಕೂಡ ಇರಲ್ರಿ. ದೀಪಾವಳಿ ಮುಂದ ಬಂದು ಒಯ್ಯಿರಿ." ಕಾನೂನೂ ಅದನ್ನೇ ಹೇಳುತ್ತದೆ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಿಯಮದಲ್ಲಿದೆ. ಆಗ ನನಗೆ ಅದು ಗೊತ್ತಿರಲಿಲ್ಲ. ದಸರಾ ರಜೆ ಮುಗಿಯುತ್ತ ಬಂದಿತ್ತು, ಶಾಲೆ ಶುರುವಾದರೆ ಮರಿ ನೋಡಿಕೊಳ್ಳಲು ಯಾರಿಗೂ ಬಿಡುವಿರುವುದಿಲ್ಲ ಎಂದು ನಾನೇ ಒತ್ತಾಯ ಮಾಡಿ ತಂದೆ. ಈ ಪ್ರಕರಣದ ಮೊದಲ ತಪ್ಪು ಇದು, ನನ್ನದು. ಆ ಎರಡು ವಾರದಲ್ಲಿ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತವೆ. ಜೋರಾಗಿ ಕಚ್ಚಿದರೆ ಎದುರಿನ ಮರಿ ಕುಂಯ್ ಎಂದು ಆಟ ನಿಲ್ಲಿಸುತ್ತದೆ, ತಾಯಿ ಗುರ್ ಎನ್ನುತ್ತದೆ. ಹಲ್ಲನ್ನು ಎಷ್ಟು ಊರಬೇಕು ಎಂಬ ಅಂದಾಜು ಮರಿಗೆ ಬರುವುದು ಹಾಗೆ. ಆ ಪಾಠ ತಪ್ಪಿದ್ದರ ಫಲ ನನ್ನ ಮಗಳ ಕೈಗೆ ಬಂತು.

ಒಂದು ಕೆಲಸ ಮಾತ್ರ ಸರಿ ಮಾಡಿದ್ದೆವು. ಹಳೆ ಕೌದಿಯ ತುಂಡೊಂದನ್ನು ಒಯ್ದು ತಾಸು ಹೊತ್ತು ತಾಯಿನಾಯಿಯ ಕೆಳಗೆ ಹಾಸಿ, ಅದೇ ತುಂಡನ್ನು ಮರಿಯ ಜೊತೆ ಸುತ್ತಿ ತಂದೆವು.

ಮೊದಲ ರಾತ್ರಿ ಚಿಗರಿಯನ್ನು ಹಿತ್ತಲಿನ ಸಾಮಾನು ಕೋಣೆಯಲ್ಲಿ ಮಲಗಿಸಿದೆವು. ಕೌದಿ ತುಂಡು ಇತ್ತು, ನೀರು ಇತ್ತು, ಬಾಗಿಲು ಹಾಕಿತ್ತು. ರಾತ್ರಿ ಹತ್ತರಿಂದ ಮೂರರ ತನಕ ಅತ್ತಳು. ಅತ್ತು ಸಾಕಾಗಿ ಸುಮ್ಮನಾಗುತ್ತಾಳೆ ಎಂದು ಕಾಯ್ದೆ; ದನಿ ಕುಗ್ಗಿತೇ ಹೊರತು ಅಳು ನಿಲ್ಲಲಿಲ್ಲ. ಐದು ಒಡಹುಟ್ಟಿದವುಗಳ ಮೈಗೆ ಮೈ ಹಚ್ಚಿ ಮಲಗುತ್ತಿದ್ದ ಮರಿ ಅದು. ಮೂರಕ್ಕೆ ಎದ್ದು ಒಳಗೆ ತಂದೆ. ರಟ್ಟಿನ ಡಬ್ಬಿಯ ಒಂದು ಬದಿ ಕತ್ತರಿಸಿ, ಕೌದಿ ಹಾಸಿ, ಪಡಸಾಲೆಯಲ್ಲಿ ನನ್ನ ಚಾಪೆಯ ಪಕ್ಕ ಇಟ್ಟು ಡಬ್ಬಿಯ ಅಂಚಿನ ಮೇಲೆ ಕೈ ಇಟ್ಟು ಮಲಗಿದೆ. ಮೂಸಿದಳು, ಸುತ್ತಿದಳು, ನಿದ್ದೆ ಹೋದಳು. ಮುಂದಿನ ಹತ್ತು ರಾತ್ರಿ ನಾನು ಪಡಸಾಲೆಯಲ್ಲೇ ಮಲಗಿದೆ. ಆಮೇಲೆ ಚಾಪೆಯನ್ನು ದಿನಕ್ಕೆ ಒಂದು ಮೊಳ ದೂರ ಸರಿಸುತ್ತ ಕೋಣೆ ಸೇರಿದೆ. ಅಳಲಿಲ್ಲ. ಅಳಲು ಬಿಟ್ಟರೆ ರೂಢಿಯಾಗುತ್ತದೆ ಎಂದು ನಮಗೆ ಹೇಳಿದವರು ಬಹಳ ಜನ. ನಾನು ಕಂಡದ್ದು ಬೇರೆ: ಪಕ್ಕದಲ್ಲಿ ಮಲಗಿಸಿಕೊಂಡ ಮರಿಯೇ ಬೇಗ ಒಂಟಿಯಾಗಿ ಮಲಗಲು ಕಲಿಯಿತು.

ಒಂದಕ್ಕೆ, ಎರಡಕ್ಕೆ ಹೋಗುವ ಲೆಕ್ಕ ನೋಟ್‌ಬುಕ್ಕಿನ ಬಹುಪಾಲು ಪುಟ ತಿಂದಿದೆ. ಮೊದಲ ವಾರ ಪಡಸಾಲೆಯಲ್ಲಿ ದಿನಕ್ಕೆ ಒಂಬತ್ತರಿಂದ ಹನ್ನೊಂದು ಸಲ. ಎರಡು ತಿಂಗಳೂ ತುಂಬದ ಮರಿ ಎಚ್ಚರಿರುವಾಗ ಒಂದು, ಹೆಚ್ಚೆಂದರೆ ಎರಡು ತಾಸು ತಡೆದುಕೊಂಡೀತು. ಹೊಟ್ಟೆ ತುಂಬಿದ ಹತ್ತು ಹದಿನೈದು ನಿಮಿಷಕ್ಕೆ, ನಿದ್ದೆಯಿಂದ ಎದ್ದ ಕೂಡಲೆ, ಆಟದ ನಡುವೆ ಥಟ್ಟನೆ ಮೂಗು ನೆಲಕ್ಕೆ ಹಚ್ಚಿ ಸುತ್ತತೊಡಗಿದಾಗ ಎತ್ತಿಕೊಂಡು ಹೊರಗೆ ಓಡಬೇಕು. ಓಡಿ, ಹಿತ್ತಲಿನ ಬೇವಿನ ಗಿಡದ ಬುಡಕ್ಕೆ ಬಿಟ್ಟು, ಮಾತಾಡದೆ ನಿಲ್ಲಬೇಕು. ಮುಗಿದ ಮೇಲೆ ಅಲ್ಲೇ, ಆ ಕ್ಷಣದಲ್ಲೇ, ಶಾಬಾಸ್ ಎಂದು ತಿನ್ನಲು ಕೊಡಬೇಕು. ಒಳಗೆ ಬಂದಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಎಂದೇ ಅದು ತಿಳಿಯುತ್ತದೆ.

ನಾಲ್ಕನೇ ದಿನ ಮಗ ಯಾರದೋ ಮಾತು ಕೇಳಿ ಚಿಗರಿಯ ಮೂಗನ್ನು ಅವಳ ಉಚ್ಚೆಗೇ ತಿಕ್ಕಿ ಬೈದ. ಹೆಂಡತಿಗೂ ಅದು ಸರಿ ಎನಿಸಿತ್ತು. ಆ ದಿನದಿಂದ ನೆಲ ಒಣಗಿದ್ದು ಕಂಡು ನಮಗೆಲ್ಲ ಹಿಗ್ಗು. ಏಳನೇ ದಿನ ಕಾಟಿನ ಹಿಂದೆ, ಗೋಡೆಯ ಸಂದಿಯಲ್ಲಿ ವಾಸನೆ. ಬಗ್ಗಿ ನೋಡಿದರೆ ಮೂರು ದಿನದ್ದೆಲ್ಲ ಅಲ್ಲೇ ಇತ್ತು. ಮನೆಯೊಳಗೆ ಮಾಡಬಾರದು ಎಂಬುದು ಅವಳಿಗೆ ತಿಳಿದಿರಲಿಲ್ಲ. ಮನುಷ್ಯರ ಎದುರು ಮಾಡಬಾರದು ಎಂಬುದು ತಿಳಿದಿತ್ತು. ಅದರಿಂದ ಇನ್ನೊಂದು ಸಂಕಟ ಹುಟ್ಟಿತು: ಹಿತ್ತಲಿಗೆ ಒಯ್ದರೂ ನಮ್ಮೆದುರು ಕೂರಲು ಹೆದರಿ ಸುಮ್ಮನೆ ನಿಲ್ಲುತ್ತಿದ್ದಳು. ಅದನ್ನು ಬಿಡಿಸಲು ಒಂದು ವಾರ ಹಿಡಿಯಿತು. ಮಗನನ್ನು ಕೂರಿಸಿಕೊಂಡು ನೋಟ್‌ಬುಕ್ ತೋರಿಸಿದೆ. ಅವನು ಆ ಪುಟವನ್ನು ಎರಡು ಸಲ ಓದಿ, ಸಂಜೆ ತಾನೇ ಅವಳನ್ನು ಬೇವಿನ ಗಿಡದ ಹತ್ತಿರ ಒಯ್ದು ಬೆನ್ನು ತಿರುಗಿಸಿ ನಿಂತ.

ನೆಲ ಒರೆಸುವುದರಲ್ಲೂ ಒಂದು ಪಾಠವಿದೆ. ನಾವು ಫಿನೈಲ್ ಹಾಕುತ್ತಿದ್ದೆವು. ಅದು ನಮ್ಮ ಮೂಗಿಗೆ ಹಳೆ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ. ಮರಿ ನೆಲ ನೆಕ್ಕಿದರೆ ಹೊಟ್ಟೆಗೂ ಕೇಡು. ಸಾಬೂನು ನೀರಿನಿಂದ ತೊಳೆದು, ನೀರು ಬೆರೆಸಿದ ವಿನೆಗರ್‌ನಿಂದ ಒರೆಸತೊಡಗಿದ ಮೇಲೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ತಗ್ಗಿತು.

ಆಹಾರದ್ದು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಎಮ್ಮೆ ಹಾಲು ಹಾಕಿದ್ದಕ್ಕೆ ಎರಡನೇ ದಿನವೇ ಹೊಟ್ಟೆ ಕೆಟ್ಟಿತು. ಪಶು ಆಸ್ಪತ್ರೆಯ ಡಾಕ್ಟರು ಹಾಲು ಬಿಡಿಸಿ, ಜಂತಿನ ಔಷಧ ಕೊಟ್ಟು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಲು ಹೇಳಿದರು. ನಮ್ಮ ಮನೆಯಲ್ಲಿ ತತ್ತಿ, ಮಾಂಸ ಬೇಯಿಸುವುದಿಲ್ಲ. ಬೆಳೆಯುವ ಬೇಟೆನಾಯಿಗೆ ಬರೀ ರೊಟ್ಟಿ ಅಂಬಲಿ ಸಾಲದು. ಆದ್ದರಿಂದ ಮರಿಗಳಿಗೆಂದೇ ಸಿಗುವ ಒಣ ಆಹಾರ ತಂದು ಬಿಸಿನೀರಿನಲ್ಲಿ ನೆನೆಸಿ ಹಾಕಿದೆವು. ನಮ್ಮ ಸೀಮೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು: ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಮನೆಮನೆಯಲ್ಲಿ ಒಣದ್ರಾಕ್ಷಿ ಡಬ್ಬಿ ಇರುವ ಜಿಲ್ಲೆ ನಮ್ಮದು. ಮಕ್ಕಳು ಪ್ರೀತಿಯಿಂದ ಒಂದು ಹಿಡಿ ಕೊಟ್ಟುಬಿಡುತ್ತಾರೆ. ಉಳ್ಳಾಗಡ್ಡಿ, ಚಾಕಲೇಟೂ ನಾಯಿಗೆ ವಿಷವೇ.

ಇನ್ನು ಹೊಸ್ತಿಲು.

ಅವ್ವ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾಳೆ. ಅಂಗಳ ಗುಡಿಸಿ, ನೀರು ಹೊಡೆದು, ಜಳಕ ಪೂಜೆ ಮುಗಿಸಿ ಏಳಕ್ಕೆ ರೊಟ್ಟಿ ಬಡಿಯಲು ಕೂರುತ್ತಾಳೆ. ಇದು ಹಬ್ಬಕ್ಕೂ ತಪ್ಪಿಲ್ಲ, ಜ್ವರಕ್ಕೂ ತಪ್ಪಿಲ್ಲ. ಹತ್ತನೇ ದಿನ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಅಂಗಿಯ ಗುಂಡಿ ಹಾಕುತ್ತ ಪಡಸಾಲೆಯಲ್ಲಿ ನಿಂತಿದ್ದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಪಟಪಟ ಸಪ್ಪಳ ಶುರುವಾಯಿತು. ಡಬ್ಬಿಯಲ್ಲಿ ಮಲಗಿದ್ದ ಚಿಗರಿ ಎದ್ದು, ಮೈ ಮುರಿದು, ನೇರ ಹೊಸ್ತಿಲ ತನಕ ಹೋಗಿ ಅದರ ಈಚೆ ಕುಳಿತಳು. ಕುಳಿತದ್ದು ಎಂದರೆ ನಿಜವಾಗಿ ಕುಳಿತದ್ದು, ಹಿಂಗಾಲು ಮಡಚಿ, ಮುಂಗಾಲು ಹೊಸ್ತಿಲಿನಿಂದ ನಾಲ್ಕು ಬೆರಳು ದೂರ. ನಾನು, ಹೆಂಡತಿ, ಮಕ್ಕಳು ಹತ್ತು ದಿನದಿಂದ "ಕುಂದ್ರು" ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೆವು. ನಮ್ಮ ಯಾರ ಮಾತಿಗೂ ಒಮ್ಮೆಯೂ ಕುಳಿತಿರಲಿಲ್ಲ.

ನಿಂತು ನೋಡಿದೆ. ಅವ್ವ ಅವಳ ಕಡೆ ನೋಡಲಿಲ್ಲ. ರೊಟ್ಟಿ ಬಡಿದು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಚಿಗರಿ ಸ್ವಲ್ಪ ಹೊತ್ತು ತಡೆದು, ವಾಸನೆ ತಾಳದೆ ಎದ್ದು ಒಂದು ಮುಂಗಾಲು ಹೊಸ್ತಿಲ ಮೇಲಿಟ್ಟಳು. ಅವ್ವ ಕುಳಿತಲ್ಲಿಂದಲೇ ಸ್ವಲ್ಪ ಮುಂದೆ ಬಾಗಿ, ಅಂಗೈಯನ್ನು ಅವಳ ಮುಖದ ಎದುರು ನೇರ ಹಿಡಿದಳು. ಜೋಳದ ಹಿಟ್ಟು ಮೆತ್ತಿದ ಬೆಳ್ಳಗಿನ ಅಂಗೈ. ಮಾತಿಲ್ಲ, ಗದರಿಕೆ ಇಲ್ಲ. ಕೈ ಹಾಗೆಯೇ ನಿಂತಿತ್ತು, ಕಾಲು ಹಿಂದೆ ಹೋಗುವ ತನಕ. ಚಿಗರಿ ಕಾಲು ಹಿಂತೆಗೆದು ಮತ್ತೆ ಕುಳಿತಳು. ಆಗ ಅವ್ವ ಮೊದಲ ರೊಟ್ಟಿಯ ಅಂಚು ಮುರಿದು, ಆರಿಸಿ, ಅವಳ ತಲೆಯ ಮೇಲಿಂದ ಹಿಂದಕ್ಕೆ, ಪಡಸಾಲೆಯ ನಡುವಿಗೆ ಎಸೆದಳು. ಚಿಗರಿ ತಿರುಗಿ ಓಡಿ ತಿಂದು, ಮತ್ತೆ ಬಂದು ಈಚೆಯೇ ಕುಳಿತಳು.

"ಇದನ್ನ ಯಾವಾಗಿಂದ ಮಾಡಾಕತ್ತಿಯವ್ವಾ?" ಎಂದು ಕೇಳಿದೆ.

"ಏನ್ ಮಾಡೂದು? ಬಂದ ದಿನದಿಂದ ಹಿಂಗs. ಒಳಗ ಬರಾಕ ಬಿಟ್ಟಿಲ್ಲ, ಹಸದು ಕುಂತದ್ದಕ್ಕ ಹಾಕದs ಇರಾಕ ಆಗೂದಿಲ್ಲ. ಹತ್ರ ಒಗದ್ರ ಇಲ್ಲೇ ನಿಂದರತೈತಿ, ಅದಕ್ಕ ದೂರ ಒಗೀತೀನಿ."

ನಾನು ಅವತ್ತು ಶಾಲೆಯಲ್ಲಿ ದಿನವಿಡೀ ಇದನ್ನೇ ಯೋಚಿಸಿದೆ. ಹತ್ತು ದಿನ, ಪ್ರತಿ ದಿನ ಅದೇ ಹೊತ್ತು, ಅದೇ ಜಾಗ, ಅದೇ ಕೈ. ಒಮ್ಮೆಯೂ ದಾಟಲು ಬಿಟ್ಟಿಲ್ಲ. ದಾಟದಿದ್ದಾಗ ಒಮ್ಮೆಯೂ ಬರಿಗೈಯಲ್ಲಿ ಕಳಿಸಿಲ್ಲ. ರೊಟ್ಟಿ ಬಿದ್ದದ್ದು ಯಾವಾಗಲೂ ಹೊಸ್ತಿಲ ಈಚೆ, ಅವಳು ಇರಬೇಕಾದ ಕಡೆ. ನಾವು ಪಡಸಾಲೆಯಲ್ಲಿ ಮಾಡುತ್ತಿದ್ದುದರಲ್ಲಿ ಇದರಲ್ಲಿ ಯಾವುದೊಂದೂ ಇರಲಿಲ್ಲ. ನಾನು ಚಾಪೆಯ ಮೇಲೆ ಬರಬೇಡ ಎನ್ನುತ್ತಿದ್ದೆ, ರಾತ್ರಿ ಚಳಿಯೆಂದು ನಾನೇ ಎತ್ತಿ ಮಲಗಿಸಿಕೊಳ್ಳುತ್ತಿದ್ದೆ. ಮಗಳು ಸೋಫಾ ಹತ್ತಿಸುತ್ತಿದ್ದಳು, ಹೆಂಡತಿ ಇಳಿಸುತ್ತಿದ್ದಳು.

ಇಷ್ಟು ತಿಳಿದರೂ ತಕ್ಷಣ ತಿದ್ದಿಕೊಳ್ಳಲಿಲ್ಲ, ಯಾಕೆಂದರೆ ಮುಂದಿನ ಹತ್ತು ದಿನದಲ್ಲಿ ಎರಡು ಪೆಟ್ಟು ಬಿದ್ದವು.

ಮೊದಲನೆಯದು ಕಚ್ಚಿದ್ದು. ಮಗಳು ನೆಲದ ಮೇಲೆ ಕುಳಿತು ಜಡೆಯ ರಿಬ್ಬನ್ ಆಡಿಸುತ್ತ ಆಟವಾಡಿಸುತ್ತಿದ್ದಳು. ಚಿಗರಿ ಹಾರಿ ಹಿಡಿದದ್ದು ರಿಬ್ಬನ್ ಅಲ್ಲ, ಹೆಬ್ಬೆರಳಿನ ಬುಡ. ಸೂಜಿಯಂಥ ಹಾಲುಹಲ್ಲು, ರಕ್ತ ಬಂತು. ಸಣ್ಣ ಮರಿ, ಮನೆಯದೇ ಮರಿ ಎಂದು ಯಾರೂ ಬಿಡಬಾರದು. ಹರಿಯುವ ನೀರಿನ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಿಗರಿಗೆ ಆಗಿನ್ನೂ ರೇಬಿಸ್ ಲಸಿಕೆಯ ವಯಸ್ಸೇ ಆಗಿರಲಿಲ್ಲ, ಅದನ್ನು ಮೂರು ತಿಂಗಳಿಗೆ ಹಾಕುತ್ತಾರೆ. ಆಸ್ಪತ್ರೆಯವರು ಹೇಳಿದ ಚುಚ್ಚುಮದ್ದು ಒಂದನ್ನೂ ತಪ್ಪಿಸದೆ ಹಾಕಿಸಿದೆವು. ಆಮೇಲೆ ಮನೆಯಲ್ಲಿ ಒಂದು ಕಟ್ಟು ಮಾಡಿದೆವು: ಕೈಯಿಂದ ಆಟವಿಲ್ಲ. ಆಟಕ್ಕೆ ಗಂಟು ಹಾಕಿದ ಹಳೆ ಟವೆಲ್. ಹಲ್ಲು ಚರ್ಮಕ್ಕೆ ತಾಗಿದರೆ ಕಿರುಚಾಟವಿಲ್ಲ, ಹೊಡೆತವಿಲ್ಲ. ಆಟ ಅಲ್ಲಿಗೆ ಮುಗಿಯಿತು, ಎದ್ದು ಅರ್ಧ ನಿಮಿಷ ಬೆನ್ನು ತಿರುಗಿಸುವುದು. ಒಡಹುಟ್ಟಿದವು ಕಲಿಸಬೇಕಾದದ್ದನ್ನು ನಾವು ಹೀಗೆ ತಡವಾಗಿ ಕಲಿಸಿದೆವು. ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವ ತನಕ ಬಾಯಿ ಕಡಿಯುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಮತ್ತೆ ರಕ್ತ ಬರಲಿಲ್ಲ.

ಎರಡನೆಯದು ದೀಪಾವಳಿ. ಚಿಗರಿಗೆ ಆಗ ಒಂಬತ್ತು ವಾರ. ಎಂಟರಿಂದ ಹತ್ತು ಹನ್ನೊಂದು ವಾರದ ನಡುವೆ ಮರಿಗಳಲ್ಲಿ ಅಂಜಿಕೆ ಬೇಗ ಬೇರೂರುತ್ತದೆ. ಆಗ ಬೆದರಿದ್ದನ್ನು ಮರೆಯಿಸುವುದು ಕಷ್ಟ. ಅದಕ್ಕೂ ಮೊದಲು ನಾವು ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದೆವು. ಲಸಿಕೆ ಪೂರ್ತಿಯಾಗದ ಮರಿಯನ್ನು ಬೀದಿಯಲ್ಲಿ ನಡೆಸುವಂತಿಲ್ಲ, ಪಾರ್ವೊ ರೋಗ ನೆಲದಿಂದಲೇ ಹತ್ತುತ್ತದೆ. ಹಾಗೆಂದು ಮನೆಯಲ್ಲೇ ಇಟ್ಟರೆ ಲೋಕ ಕಾಣದೆ ಅಂಜುಬುರುಕಿಯಾಗುತ್ತದೆ. ಆದ್ದರಿಂದ ದಿನಾ ಸಂಜೆ ಕಾಲು ತಾಸು ಅವಳನ್ನು ಎದೆಗೆ ಎತ್ತಿಕೊಂಡು ಬಸ್ ಸ್ಟ್ಯಾಂಡ್ ಕಡೆ, ಕಾಯಿಪಲ್ಲೆ ಸಂತೆ ಕಡೆ ಅಡ್ಡಾಡುತ್ತಿದ್ದೆ. ಟಂಟಂ ಸಪ್ಪಳ, ಟೋಪಿ ಹಾಕಿದವರು, ಕೋಲು ಹಿಡಿದ ಮುದುಕರು, ಎಮ್ಮೆ, ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಿದ್ದಳು.

ಬಲಿಪಾಡ್ಯದ ರಾತ್ರಿ ಅವಳು ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದಾಗ ಗೋಡೆಯಾಚೆ ದೊಡ್ಡ ಪಟಾಕಿ ಸಿಡಿಯಿತು. ಅವಳು ಕಿರುಚಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಒಳಗೆ ಓಡಿ ಕಾಟಿನ ಹಿಂದಿನ ಅದೇ ಸಂದಿ ಸೇರಿದಳು, ಮೈಯೆಲ್ಲ ನಡುಕ. ಮುದ್ದು ಮಾಡಿದರೆ ಅಂಜಿಕೆ ಹೆಚ್ಚಾಗುತ್ತದೆ ಎಂದು ಹೆಂಡತಿ ಎಲ್ಲೋ ಕೇಳಿದ್ದಳು. ಅದು ನಿಜವಲ್ಲ. ಅಂಜಿದ ಜೀವಕ್ಕೆ ಆಸರೆ ಕೊಟ್ಟರೆ ಅಂಜಿಕೆ ಬೆಳೆಯುವುದಿಲ್ಲ. ಕಾಟು ಸರಿಸಿ ಗೋಡೆಗೆ ಒರಗಿ ಅವಳ ಪಕ್ಕ ಕುಳಿತೆ, ಎರಡು ತಾಸು.

ಮರುದಿನದಿಂದ ಹಿತ್ತಲ ಬಾಗಿಲು ತೆಗೆದರೆ ನಾಲ್ಕು ಕಾಲೂ ಊರಿ ನಿಲ್ಲುತ್ತಿದ್ದಳು. ದಿನಕ್ಕೆ ಮೂರಕ್ಕೆ ಇಳಿದಿದ್ದ ಪಡಸಾಲೆಯ ಲೆಕ್ಕ ಎಂಟಕ್ಕೆ ಏರಿತು. ಎಳೆದೊಯ್ಯಲಿಲ್ಲ. ಒಂದಕ್ಕೆ ಮುಂದಿನ ಗೇಟಿನ ಬದಿಯ ಮಣ್ಣಿಗೆ ಒಯ್ಯತೊಡಗಿದೆವು. ಊಟದ ತಟ್ಟೆಯನ್ನು ಹಿತ್ತಲ ಬಾಗಿಲಿನಿಂದ ಎಂಟು ಮೊಳ ದೂರ ಇಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ಸರಿಸಿದೆವು. ಅವಳು ಉಣ್ಣುವಾಗ ಮೊಬೈಲಿನಲ್ಲಿ ಪಟಾಕಿ ಸಪ್ಪಳವನ್ನು ಕೇಳಿಸೀತೋ ಇಲ್ಲವೋ ಎಂಬಷ್ಟು ಸಣ್ಣಗೆ ಹಚ್ಚಿ, ಕಿವಿ ನಿಮಿರಿಸಿದರೆ ಅಲ್ಲಿಗೇ ನಿಲ್ಲಿಸಿ, ಸುಮ್ಮನಿದ್ದರೆ ಮರುದಿನ ಕೂದಲೆಳೆಯಷ್ಟು ಏರಿಸಿದೆವು. ಹದಿನಾರನೇ ದಿನ ತಾನಾಗಿ ಬೇವಿನ ಗಿಡದ ತನಕ ಹೋದಳು.

ಆ ಭಾನುವಾರ ಸಂಜೆ ಎಲ್ಲರನ್ನೂ ಕೂರಿಸಿ ನಾವು ಅವಳಿಗೆ ಆಡುವ ಮಾತುಗಳನ್ನೆಲ್ಲ ಮಗಳ ಕೈಯಿಂದ ಬರೆಸಿದೆ. ಒಂದು ಪುಟ ತುಂಬಿತು, ಅದು ನನ್ನನ್ನು ದಂಗುಬಡಿಸಿತು. ಕೂರಲು ನಾನು "ಕುಂದ್ರು", ಮಗಳು "ಸಿಟ್", ಮಗ "ಕೂತ್ಕೊ", ಹೆಂಡತಿ "ಕುಂದ್ರ ನೋಡೂನು ನಮ್ಮವ್ವ". ನಿಲ್ಲಲು ಎಲ್ಲರೂ "ನಿಂದ್ರು". ಜೋರಾಗಿ ಹೇಳಿ ನೋಡಿ: ಕುಂದ್ರು, ನಿಂದ್ರು. ಕಡೆಯ ಸಪ್ಪಳ ಒಂದೇ. ಕಿವಿಗೆ ಬರೀ ಸಪ್ಪಳವಾಗಿ ಬೀಳುವ ಮಾತಿನಲ್ಲಿ ಮರಿ ಯಾವುದನ್ನು ಹಿಡಿಯಬೇಕು? ಕರೆಯಲು "ಬಾ", ತಡೆಯಲು "ಬ್ಯಾಡ". ಚಪ್ಪಲಿ ಕಚ್ಚಿ ಓಡುವವಳ ಹಿಂದೆ "ಬ್ಯಾಡ ಬ್ಯಾಡ" ಎಂದು ಕೂಗಿದಾಗ ಅವಳು ಬಾಲ ಅಲ್ಲಾಡಿಸಿ ನಮ್ಮ ಕಡೆಗೇ ಬಂದು, ಬಂದದ್ದಕ್ಕೆ ಬೈಸಿಕೊಂಡದ್ದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಲ ಇದೆ. ಆಮೇಲೆ ನಿಜವಾಗಿ "ಬಾ" ಎಂದರೂ ದೂರ ನಿಂತು ನೋಡತೊಡಗಿದ್ದಳು. ಆ ಪುಟ ಓದಿದಾಗ ನನಗೆ ಬಹಳ ನೋವಾಯಿತು. ಹೆಸರಿನದೂ ಅಷ್ಟೇ, ಮಗ ಸುಮ್ಮನೆ ಇಪ್ಪತ್ತು ಸಲ ಚಿಗರಿ ಚಿಗರಿ ಎನ್ನುತ್ತಿದ್ದ, ಹೆಂಡತಿ ಬೈಯುವಾಗಲಷ್ಟೇ ಪೂರ್ತಿ ಹೆಸರು ಹಿಡಿಯುತ್ತಿದ್ದಳು.

ಪುಟದ ಕೆಳಗೆ ಅವ್ವನ ಹೆಸರಿನ ಮುಂದೆ ಮಗಳು ಬರೆದಿದ್ದಳು: ಆಯಿ, ಮಾತಿಲ್ಲ, ಕೈ.

ಅಲ್ಲಿಂದ ತಿದ್ದಿದೆವು. "ಕುಂದ್ರು" ಎಲ್ಲರಿಗೂ ಒಂದೇ. "ನಿಂದ್ರು" ಬದಲು "ತಡಿ". "ಬ್ಯಾಡ" ಮನೆಯಿಂದಲೇ ಹೋಯಿತು. ಅದರ ಜಾಗಕ್ಕೆ ಅವ್ವನ ಅಂಗೈ. ಬಾಯಲ್ಲಿರುವುದನ್ನು ಬಿಡಿಸಲು "ಬಿಡು", ಬಿಟ್ಟರೆ ಬದಲಿಗೆ ಟವೆಲ್ ಗಂಟು. "ಬಾ" ಎಂದು ಕರೆದು ಯಾರೂ ಬೈಯುವಂತಿಲ್ಲ, ಔಷಧ ಕುಡಿಸುವಂತಿಲ್ಲ, ಕಟ್ಟಿ ಹಾಕುವಂತಿಲ್ಲ. ಅವಕ್ಕೆಲ್ಲ ನಾವೇ ಎದ್ದು ಹೋಗಿ ಹಿಡಿಯಬೇಕು. ಪ್ರತಿ ಮಾತಿಗೂ ಒಂದು ಕೈಸನ್ನೆ: ಕೂರಲು ಅಂಗೈ ಮೇಲಕ್ಕೆ, ತಡೆಯಲು ಅಂಗೈ ಎದುರಿಗೆ, ಬರಲು ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈ ಅಗಲ. ಮುಧೋಳ ನಾಯಿ ವಾಸನೆಗಿಂತ ಕಣ್ಣಿನಿಂದ ಬೇಟೆಯಾಡುವ ಜಾತಿ. ಕಿವಿಗೆ ಬಿದ್ದದ್ದಕ್ಕಿಂತ ಕಂಡದ್ದನ್ನು ಚಿಗರಿ ಎಷ್ಟು ಬೇಗ ಹಿಡಿದಳೆಂದರೆ, ಕೈಸನ್ನೆಗೆ ಕೂರುವುದು ಎರಡೇ ದಿನದಲ್ಲಿ ಬಂತು. ಬರೀ ಮಾತಿಗೆ ಕೂರಲು ಮೂರು ವಾರ ಬೇಕಾಯಿತು. ದಿನಕ್ಕೆ ಮೂರು ಸಲ, ಐದೈದು ನಿಮಿಷ, ಉಗುರಿನಷ್ಟು ಖಡಕ್ ರೊಟ್ಟಿ ಚೂರು. ಅವಳು ಆಕಳಿಸಿದರೆ, ಮುಖ ತಿರುಗಿಸಿದರೆ ಪಾಠ ಮುಗಿಯಿತು.

ಜನವರಿಯಲ್ಲಿ ಅವಳನ್ನು ಕಳೆದುಕೊಳ್ಳುವುದರಲ್ಲಿದ್ದೆವು. ಲಸಿಕೆಗಳೆಲ್ಲ ಮುಗಿದು ಬೀದಿಗೆ ನಡೆಸಿಕೊಂಡು ಹೋಗುತ್ತಿದ್ದೆ. ಕೊರಳಿಗೆ ಅಂಗಡಿಯ ಸಾಮಾನ್ಯ ಬೆಲ್ಟು. ಖಾಲಿ ಸೈಟಿನ ಕಡೆಯಿಂದ ಬೆಕ್ಕೊಂದು ಓಡಿತು. ಚಿಗರಿ ಒಮ್ಮೆ ಹಿಂದೆ ಜಗ್ಗಿದಳು, ಬೆಲ್ಟು ಕಿವಿಯ ಮೇಲಿಂದ ಜಾರಿ ನನ್ನ ಕೈಯಲ್ಲಿ ಉಳಿಯಿತು. ಈ ಜಾತಿಯ ತಲೆ ಸಪೂರ, ಕೊರಳಿಗಿಂತ ಅಗಲವಿಲ್ಲ. ಹಿಂದೆ ಜಗ್ಗಿದರೆ ಸಾದಾ ಬೆಲ್ಟು ನಿಲ್ಲುವುದೇ ಇಲ್ಲ. ಎದ್ದ ಓಟ ಹೇಗಿತ್ತೆಂದರೆ ನಾನು ಕೂಗಲು ಬಾಯಿ ತೆಗೆಯುವಷ್ಟರಲ್ಲಿ ಎರಡು ಸೈಟು ದಾಟಿದ್ದಳು, ಮುಂದೆ ದೊಡ್ಡ ರಸ್ತೆ. ಬೆನ್ನಟ್ಟಿದ್ದರೆ ಇನ್ನೂ ಓಡುತ್ತಿದ್ದಳು. ಬೆಕ್ಕು ಗೋಡೆ ಹತ್ತಿತು, ಅವಳು ನಿಂತು ತಿರುಗಿದಳು. ನಾನು ನೆಲಕ್ಕೆ ಕುಕ್ಕರಿಸಿ ಎರಡೂ ಕೈ ಅಗಲ ಮಾಡಿದೆ. ಕೂಗಲಿಲ್ಲ, ದನಿಯೂ ಬರುತ್ತಿರಲಿಲ್ಲ. ಒಂದು ಕ್ಷಣ ನೋಡಿದಳು, ಬಂದಳು. ಎದೆಗೆ ಅವುಚಿಕೊಂಡೇ ಮನೆಗೆ ತಂದೆ.

ಅವತ್ತಿನಿಂದ ಎದೆಗೂ ಬೆನ್ನಿಗೂ ಸುತ್ತುವ ಪಟ್ಟಿ. ಜೊತೆಗೆ ಬೆಳಗಿನ ಹೊತ್ತು ಖಾಲಿ ಸೈಟಿನಲ್ಲಿ ಮೂವತ್ತು ಅಡಿ ಬಾವಿಹಗ್ಗ ಕಟ್ಟಿ ಕರೆಯುವ ಅಭ್ಯಾಸ. ಹಗ್ಗವಿಲ್ಲದೆ ಬಯಲಲ್ಲಿ ಬಿಡುವುದಿಲ್ಲ, ಮುಂದೆಯೂ ಬಿಡುವ ವಿಚಾರ ನನಗಿಲ್ಲ. ಎದುರು ಏನಾದರೂ ಓಡಿದರೆ ಬೆನ್ನಟ್ಟುವುದು ಈ ತಳಿಯ ರಕ್ತದಲ್ಲೇ ಇದೆ. ಎಷ್ಟು ಕಲಿಸಿದರೂ ಒಂದು ದಿನ ಬೆಕ್ಕು ಗೋಡೆ ಹತ್ತದೆ ರಸ್ತೆ ದಾಟೀತು.

ಮಾರ್ಚಿನಲ್ಲಿ ಅವ್ವ ಎಂಟು ದಿನ ಇಳಕಲ್ಲಿಗೆ ನನ್ನ ತಂಗಿಯ ಮನೆಗೆ ಹೋದಳು. ಐದು ತಿಂಗಳಲ್ಲಿ ಒಮ್ಮೆಯೂ ಹೊಸ್ತಿಲು ದಾಟದ ಚಿಗರಿ ಎರಡನೇ ದಿನ ಅಡುಗೆಮನೆಯ ನಡುವೆ ನಿಂತಿದ್ದಳು. ಹೆಂಡತಿ ರೊಟ್ಟಿ ಬಡಿಯುವಾಗ ಕೈ ತೋರಿಸಿರಲಿಲ್ಲ, ತೋರಿಸಬೇಕೆಂದು ಅವಳಿಗೆ ಹೊಳೆದಿರಲೂ ಇಲ್ಲ; ನಾಯಿಗೆ ಗೊತ್ತೇ ಇದೆಯಲ್ಲ ಎಂದುಕೊಂಡಿದ್ದಳು. ನಾಯಿಗೆ ಗೊತ್ತಿದ್ದದ್ದು ಅವ್ವ ಕುಳಿತಾಗಿನ ಹೊಸ್ತಿಲು. ಹೆಂಡತಿ ಕುಳಿತಾಗಿನ ಹೊಸ್ತಿಲು ಅವಳಿಗೆ ಹೊಸದು. ಮೂರನೇ ದಿನದಿಂದ ಹೆಂಡತಿಯೂ ಹಿಟ್ಟಿನ ಕೈ ಹಿಡಿದಳು, ರೊಟ್ಟಿಯಂಚನ್ನು ದೂರ ಎಸೆದಳು. ಆರನೇ ದಿನಕ್ಕೆ ಚಿಗರಿ ಈಚೆ ಕುಳಿತಳು. ಅವ್ವನಿಗೆ ಹೇಳಬಾರದೆಂದು ಮಕ್ಕಳು ಬೇಡಿಕೊಂಡರು, ನಾನು ಹೇಳಿದೆ. ಅವಳು ಅಡುಗೆಮನೆಯನ್ನೆಲ್ಲ ತೊಳೆಸಿ, ಜಗುಲಿಗೆ ಗೋಮೂತ್ರ ಚಿಮುಕಿಸಿ, ಮರುದಿನ ಏಳಕ್ಕೆ ರೊಟ್ಟಿಗೆ ಕುಳಿತಳು.

ಈಗ ಏಪ್ರಿಲ್. ಬಿಸಿಲು ಏರುವ ಮುಂಚೆ, ಆರರೊಳಗೆ ನಡೆದಾಟ ಮುಗಿಸುತ್ತೇವೆ. ಏಳಾದರೆ ಡಾಂಬರು ಕಾಯತೊಡಗುತ್ತದೆ. ಪಡಸಾಲೆ 40 ದಿನದಿಂದ ಒಣಗಿದೆ. ಮಳೆಗಾಲದ ಗುಡುಗಿಗೆ ಮೊಬೈಲಿನ ಸಪ್ಪಳದ ಅಭ್ಯಾಸ ಮತ್ತೆ ಶುರು ಮಾಡಿದ್ದೇವೆ. ಮಗನ ಅಂಗೈಗೆ ಮಾತ್ರ ಚಿಗರಿ ಇನ್ನೂ ಕಾಲು ಹಿಂತೆಗೆಯುವುದಿಲ್ಲ. ಅವನು ಒಂದು ಕೈ ಹಿಡಿಯುವ ಬದಲು ಎರಡೂ ಕೈ ಎತ್ತುತ್ತಾನೆ, ಎತ್ತಿದ ಕೈ ಅಗಲವಾಗುತ್ತವೆ, ಅವಳು ಓಡಿ ಬಂದು ಅವನ ಎದೆಗೆ ಬೀಳುತ್ತಾಳೆ. ದಿನಾ ಸಂಜೆ ಅವನನ್ನು ಗೋಡೆಯ ಕನ್ನಡಿಯ ಮುಂದೆ ನಿಲ್ಲಿಸಿ ಒಂದೇ ಕೈ ಹಿಡಿಯುವುದನ್ನು ರೂಢಿ ಮಾಡಿಸುತ್ತಿದ್ದೇನೆ.